ಕಟ್ಟಿದ ಕಸಿ ಯಾಕೆ ಹಿಡೀಲಿಲ್ಲ? ಲಕ್ಷಣ ನೋಡಿ ಕಾರಣ ಹುಡುಕೋ ಕೈಪಿಡಿ

ಕಸಿ ಕಟ್ಟಿ ಟೇಪ್ ಸುತ್ತಿ ಮುಗಿಸಿದ ಮೇಲೆ ಸುಮ್ನೆ ಇರೋದೇ ಎಲ್ಲಕ್ಕಿಂತ ಕಷ್ಟದ ಕೆಲಸ. ದಿನಾ ಹೋಗಿ ಚಿಗುರು ಬಂತಾ ಅಂತ ನೋಡ್ತೀವಿ, ಕಡ್ಡಿ ಗಟ್ಟಿಯಾಗಿದ್ಯಾ ಅಂತ ಹಿಡಿದು ಅಲ್ಲಾಡಿಸ್ತೀವಿ, ಸ್ವಲ್ಪ ಕಪ್ಪಾದ ಹಾಗೆ ಕಂಡ್ರೆ ಸಾಕು ಟೇಪ್ ಬಿಚ್ಚಿ ಒಳಗೇನಾಗಿದೆ ಅಂತ ಇಣುಕ್ತೀವಿ. ಮನೆ ತೋಟದಲ್ಲಿ ಎಷ್ಟೋ ಕಸಿ ಹೀಗೆ ಮುಟ್ಟಿ ಮುಟ್ಟಿಯೇ ಹಾಳಾಗೋದು. ಅದಕ್ಕೆ ಇಲ್ಲಿ ಟೇಪ್ ಬಿಚ್ಚದೆ ಬರೀ ಕಣ್ಣಲ್ಲಿ, ಉಗುರಲ್ಲಿ ನೋಡಿ ತಿಳ್ಕೊಳ್ಳೋದನ್ನ ಮೊದಲು ಹೇಳಿದೀನಿ, ಬಿಚ್ಚೋದು, ಕತ್ತರಿಸೋದು, ಮತ್ತೆ ಕಟ್ಟೋದು ಎಲ್ಲ ಆಮೇಲೆ.

ಬರಹದ ಉದ್ದಕ್ಕೂ ಕೆಳಗಡೆ ಬೇರಿರೋ ಗಿಡಕ್ಕೆ ಬೇರುಸಸಿ ಅಂತ, ಮೇಲೆ ಕೂರಿಸೋ ಒಳ್ಳೆ ಜಾತಿ ಕಡ್ಡಿಗೆ ಕಸಿಕಡ್ಡಿ ಅಂತ, ಎರಡೂ ಸೇರೋ ಜಾಗಕ್ಕೆ ಗಂಟು ಅಂತ ಕರೀತೀನಿ.

ಒಂದು ವಿಷಯ ಮೊದ್ಲೇ ತಲೇಲಿರಲಿ. ಚಿಗುರು ಬಂತು ಅಂದ್ರೆ ಕಸಿ ಹಿಡೀತು ಅಂತಲ್ಲ, ಚಿಗುರು ಬಂದಿಲ್ಲ ಅಂದ್ರೆ ಸತ್ತೋಯ್ತು ಅಂತಾನೂ ಅಲ್ಲ. ತೊಗಟೆಗೂ ಒಳಗಿನ ಕಟ್ಟಿಗೆಗೂ ಮಧ್ಯ ಕ್ಯಾಂಬಿಯಂ ಅಂತ ಕಾಗದದಷ್ಟು ತೆಳುವಾದ ಒಂದು ಜೀವಂತ ಪದರ ಇರತ್ತೆ, ಎರಡೂ ಕಡೆಯ ಆ ಪದರ ಒಂದಕ್ಕೊಂದು ತಾಗಿದ್ರೆ ಮಾತ್ರ ಮಧ್ಯದಲ್ಲಿ ಬೆಳ್ಳಗೆ ಮೆತ್ತಗಿರೋ ಕ್ಯಾಲಸ್ ಬೆಳೆದು ಗಾಯ ತುಂಬಿಕೊಳ್ಳತ್ತೆ, ಆಮೇಲೆ ಅದರೊಳಗೆ ನೀರಿನ ನಾಳಗಳು ಒಂದಕ್ಕೊಂದು ಕೂಡ್ಕೊಳ್ತವೆ. ಅಲ್ಲೀವರೆಗೂ ಕಸಿಕಡ್ಡಿ ತನ್ನೊಳಗೆ ಇರೋ ನೀರು, ತನ್ನೊಳಗೆ ಕೂಡಿಟ್ಟ ಆಹಾರ ಇಷ್ಟರಲ್ಲೇ ಬದುಕಬೇಕು. ಆ ಕೂಡಿಟ್ಟದ್ದರಲ್ಲೇ ಅದು ಎರಡು ಎಲೆ ಬಿಡೋದೂ ಉಂಟು. ಅದಕ್ಕೇ ತೀರ್ಮಾನ ಮಾಡೋವಾಗ ಚಿಗುರಿಗಿಂತ ಗಂಟನ್ನ ನೋಡಿ.

ಶುರು ಮಾಡೋ ಮುಂಚೆ: ಚಾಕು, ಸೊನೆ, ಬ್ಲೀಚ್

ಕಸಿ ಚಾಕು ಬ್ಲೇಡಿನಷ್ಟು ಚೂಪಾಗಿರತ್ತೆ, ಇರಲೇಬೇಕು, ಮೊಂಡು ಚಾಕುವಿಗೆ ಜಾಸ್ತಿ ಬಲ ಹಾಕಿ ಒತ್ತುವಾಗಲೇ ಅದು ಜಾರಿ ಕೈ ಕೊಯ್ಯೋದು. ಕಡ್ಡಿ ಕೆತ್ತೋವಾಗ ಚಾಕು ಮೈಯಿಂದ ಆಚೆ ಹೋಗಬೇಕು, ಕಡ್ಡಿ ಹಿಡಿದ ಕೈಬೆರಳು ಚಾಕು ಬರೋ ದಾರೀಲಿ ಇರಬಾರದು, ಆ ಕೈಗೆ ದಪ್ಪ ಗ್ಲೌಸ್ ಹಾಕ್ಕೊಂಡ್ರೆ ಒಳ್ಳೇದು. ಆಳವಾಗಿ ಕೊಯ್ದು ಒತ್ತಿ ಹಿಡಿದ್ರೂ ರಕ್ತ ನಿಲ್ತಾ ಇಲ್ಲ, ಅಥವಾ ಬೆರಳು ಮಡಚೋಕೆ ಆಗ್ತಿಲ್ಲ ಅಂದ್ರೆ ಕೆಲಸ ಅಲ್ಲೇ ಬಿಟ್ಟು ಡಾಕ್ಟರ್ ಹತ್ರ ಹೋಗಿ. ಮಣ್ಣಿನ ಕೈ ಆಗಿರೋದ್ರಿಂದ ಟಿಟಿ ಇಂಜೆಕ್ಷನ್ ವಿಷಯಾನೂ ಕೇಳಿ.

ಮಾವಿನ ಸೊನೆ ಕೆಲವರ ಚರ್ಮ ಸುಟ್ಟು ಗುಳ್ಳೆ ಏಳಿಸತ್ತೆ, ಕಣ್ಣಿಗೆ ಬಿದ್ರೆ ತುಂಬಾ ಉರಿ. ಚರ್ಮಕ್ಕೆ ತಾಗಿದ್ರೆ ತಕ್ಷಣ ಸೋಪು ನೀರಲ್ಲಿ ತೊಳೀರಿ, ಕಣ್ಣಿಗಾದ್ರೆ ಬರೀ ಶುದ್ಧ ನೀರು ಹರಿಸ್ತಾ ಹತ್ತು ಹದಿನೈದು ನಿಮಿಷ ತೊಳೆದು ಡಾಕ್ಟರಿಗೆ ತೋರಿಸಿ. ಚಾಕು ಒರೆಸೋಕೆ ಶೇ. 70ರ ಸ್ಪಿರಿಟ್ ಸಾಕಾಗತ್ತೆ, ಆದ್ರೆ ನಿಂಬೆ ಜಾತಿ ಗಿಡಗಳಲ್ಲಿ ಚಾಕು ಮೂಲಕ ಹರಡೋ ವೈರಾಯ್ಡ್ (ವೈರಸ್ಸಿಗಿಂತಲೂ ಸಣ್ಣ ರೋಗಾಣು) ರೋಗ ಇರೋದ್ರಿಂದ ಅಲ್ಲಿ ಮನೇಲಿ ಬಳಸೋ ಬ್ಲೀಚ್ 1 ಪಾಲಿಗೆ 9 ಪಾಲು ನೀರು ಬೆರೆಸಿ ಅದರಲ್ಲಿ ಅದ್ದೋದು ಸರಿ, ಕೆಲಸ ಮುಗಿದ ಮೇಲೆ ನೀರಲ್ಲಿ ತೊಳೆದು ಎಣ್ಣೆ ಸವರಿ ಇಲ್ಲಾಂದ್ರೆ ಚಾಕು ತುಕ್ಕು ಹಿಡಿಯತ್ತೆ. ಬ್ಲೀಚ್ ಜೊತೆ ಸ್ಪಿರಿಟ್, ಆಸಿಡ್, ಬೇರೆ ಕ್ಲೀನರ್ ಯಾವುದನ್ನೂ ಬೆರೆಸಬೇಡಿ, ವಿಷದ ಗಾಳಿ ಬರತ್ತೆ.

ಲಕ್ಷಣ: ವಾರಗಳೇ ಆದ್ವು, ಕಡ್ಡಿ ಹಾಗೇ ನಿಂತಿದೆ, ಚಿಗುರೇ ಇಲ್ಲ

ಮೊದಲು ಕಾಯೋದು. ಮಾವಿನಂಥ ಗಿಡಕ್ಕೆ ಬೆಚ್ಚಗಿನ ಕಾಲದಲ್ಲಿ ಸೀಳು ಕಸಿ (ಬೇರುಸಸಿಯ ತಲೆ ಕತ್ತರಿಸಿ, ಸೀಳಿ, ಆ ಸೀಳಲ್ಲಿ ಕಸಿಕಡ್ಡಿ ಕೂರಿಸೋದು) ಕಟ್ಟಿದ್ರೆ ಎರಡರಿಂದ ನಾಲ್ಕು ವಾರದಲ್ಲಿ ಮೊಗ್ಗು ಉಬ್ಬೋಕೆ ಶುರುವಾಗತ್ತೆ, ಚಳಿ ಇದ್ರೆ ಇನ್ನೂ ತಡ. ಹೆಚ್ಚಿನ ಹಣ್ಣಿನ ಗಿಡಗಳಲ್ಲಿ 20 ರಿಂದ 30 ಡಿಗ್ರಿ ಸೆಲ್ಸಿಯಸ್ ಒಳಗೆ ಕ್ಯಾಲಸ್ ಚೆನ್ನಾಗಿ ಬೆಳೆಯತ್ತೆ, ಅದಕ್ಕಿಂತ ತುಂಬಾ ತಣ್ಣಗಾದ್ರೆ ಕೆಲಸ ಹೆಚ್ಚೂಕಮ್ಮಿ ನಿಂತೇ ಹೋಗತ್ತೆ, ತುಂಬಾ ಬಿಸಿಯಾದ್ರೆ ಗಾಯದ ಬಾಯಿ ಒಣಗತ್ತೆ. ಹಾಗಾಗಿ ಹವೆ ಹೇಗಿತ್ತು ಅಂತ ಒಂದ್ಸಲ ನೆನಪು ಮಾಡ್ಕೊಳ್ಳಿ.

ಆಮೇಲೆ ಉಗುರಿನ ಪರೀಕ್ಷೆ. ಕಸಿಕಡ್ಡಿ ಮೇಲ್ಭಾಗದಲ್ಲಿ, ಮೊಗ್ಗಿಂದ ದೂರ, ಎಳ್ಳಿನಷ್ಟು ಜಾಗ ಉಗುರಲ್ಲಿ ಮೆಲ್ಲಗೆ ಕೆರೆದು ನೋಡಿ. ಒಳಗೆ ಹಸಿರು, ಒದ್ದೆ ಇದ್ರೆ ಕಡ್ಡಿಗೆ ಜೀವ ಇದೆ. ಕಂದು, ಒಣ ಇದ್ರೆ ಸ್ವಲ್ಪ ಕೆಳಗೆ ಇನ್ನೊಂದು ಜಾಗ ಕೆರೆದು ನೋಡಿ, ಮೇಲಿನ ಒಂದಿಂಚು ಮಾತ್ರ ಒಣಗಿ ಕೆಳಗಡೆ ಹಸಿರಿರೋದು ತುಂಬಾ ಸಾಮಾನ್ಯ, ಕೆಳಗಿನ ಮೊಗ್ಗೊಂದು ಉಳಿದಿದ್ರೂ ಕಸಿ ಉಳೀತು. ಕೆರೆದ ಜಾಗಕ್ಕೆ ಮೇಣಾನೋ ಟೇಪ್ ಚೂರೋ ಹಚ್ಚಿ, ಮತ್ತೆ ಮತ್ತೆ ಕೆರೀಬೇಡಿ. ಮೊದಲ ಎರಡು ವಾರದಲ್ಲಿ ಈ ಹಸಿರು ಕಡ್ಡಿ ಸತ್ತಿಲ್ಲ ಅಂತ ಮಾತ್ರ ಹೇಳತ್ತೆ, ಹಿಡೀತು ಅಂತ ಹೇಳಲ್ಲ.

ಮೂರನೇದು ಮೊಗ್ಗು ನೋಡೋದು. ಕಡ್ಡಿ ಹಸಿರಾಗಿದೆ ಆದ್ರೆ ಮೊಗ್ಗು ಚಪ್ಪಟೆ, ಎಲ್ಲ ಗಿಣ್ಣಲ್ಲೂ ಮಲಗಿದ ಹಾಗಿದ್ರೆ ಕಡ್ಡಿ ಆರಿಸೋದ್ರಲ್ಲೇ ತೊಂದರೆ ಇರಬಹುದು. ಮಾವಿನಲ್ಲಿ ಸುಮಾರು ಮೂರ್ನಾಲ್ಕು ತಿಂಗಳು ಬಲಿತ, ಪೆನ್ಸಿಲ್ ದಪ್ಪದ ತುದಿಕೊಂಬೆ ಆರಿಸಿ, ಕತ್ತರಿಸೋಕೆ ಏಳರಿಂದ ಹತ್ತು ದಿನ ಮುಂಚೆ ಎಲೆಗಳನ್ನ ತೊಟ್ಟಿನ ಚೂರು ಉಳಿಸಿ ಕತ್ತರಿಸಿ ತೆಗೀತಾರೆ, ಆಗ ತುದಿಮೊಗ್ಗು ದಪ್ಪಗಾಗಿ ಬರೋಕೆ ರೆಡಿ ಆಗತ್ತೆ. ಎಲೆ ಮುಂಚೆ ತೆಗೀದೆ ಅವತ್ತೇ ಕತ್ತರಿಸಿ ಕಟ್ಟಿದ ಕಡ್ಡಿ ಎದ್ದೇಳೋಕೆ ತಡ ಮಾಡತ್ತೆ. ಕಾಯಿರಿ ಅಷ್ಟೆ.

ಕೊನೇದಾಗಿ, ಕಡ್ಡಿ ತಲೆಕೆಳಗಾಗಿ ಕೂತಿದ್ಯಾ ನೋಡಿ. ಎಲೆ ಉದುರಿದ ಕಲೆ ಯಾವಾಗ್ಲೂ ಮೊಗ್ಗಿನ ಕೆಳಗಡೆ ಇರತ್ತೆ, ಮೊಗ್ಗಿನ ತುದಿ ಮೇಲಕ್ಕೆ ಮುಖ ಮಾಡಿರತ್ತೆ. ಉದ್ದ ಕಡ್ಡೀನ ಎರಡು ಮೂರು ತುಂಡು ಮಾಡಿ ಬಳಸೋವಾಗ ಇದು ತಪ್ಪಿ ಹೋಗತ್ತೆ. ತಲೆಕೆಳಗಾದ ಕಡ್ಡಿ ಸ್ವಲ್ಪ ಅಂಟಿಕೊಂಡ ಹಾಗೆ ಕಂಡ್ರೂ ಸರಿಯಾಗಿ ಬೆಳೆಯಲ್ಲ, ಅದನ್ನ ತೆಗೆದು ಹೊಸದು ಕಟ್ಟೋದೇ ದಾರಿ. ಮುಂದಿನ ಸಲ ಕಡ್ಡಿ ಕತ್ತರಿಸೋವಾಗಲೇ ಕೆಳತುದಿ ಓರೆಯಾಗಿ, ಮೇಲ್ತುದಿ ನೇರವಾಗಿ ಕತ್ತರಿಸಿ, ಗೊಂದಲವೇ ಇರಲ್ಲ.

ಲಕ್ಷಣ: ಕಡ್ಡಿ ಸುಕ್ಕಾಯ್ತು ಅಥವಾ ಕಪ್ಪಾಯ್ತು

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ, ಒಣಗೋಕೆ ಎಲ್ಲಿಂದ ಶುರುವಾಯ್ತು. ಹೆಚ್ಚಿನವರು ಇದನ್ನ ಗಮನಿಸೋದೇ ಇಲ್ಲ, ಕಪ್ಪಾಯ್ತು ಅಂದ ಕೂಡ್ಲೇ ಕಿತ್ತು ಎಸೀತಾರೆ, ಆದ್ರೆ ಕಾರಣ ಗೊತ್ತಾಗೋದೇ ಅದರಿಂದ.

ತುದಿಯಿಂದ ಕೆಳಗೆ ಒಣಗ್ತಾ ಬಂದ್ರೆ ಗಂಟಲ್ಲಿ ತೊಂದರೆ ಇಲ್ಲದೇ ಇರಬಹುದು, ಮೇಲಿನ ಕತ್ತರಿಸಿದ ಬಾಯಿಂದ ನೀರು ಆರಿ ಹೋಗ್ತಿದೆ. ಆ ಬಾಯಿಗೆ ಮೇಣ ಹಚ್ಚಿ, ಇಲ್ಲಾಂದ್ರೆ ತೆಳು ಪ್ಲಾಸ್ಟಿಕ್ ಸುತ್ತಿ ಮುಚ್ಚಿ. ಒಣಗಿದ ಭಾಗ ಕತ್ತರಿಸೋಕೆ ಈಗ ಹೋಗಬೇಡಿ, ಕತ್ತರಿ ಹಿಡಿದು ಎಳೆದ್ರೆ ಗಂಟು ಅಲ್ಲಾಡತ್ತೆ. ಚಿಗುರು ಬಲಿತ ಮೇಲೆ ಕತ್ತರಿಸಿದ್ರಾಯ್ತು.

ಇಡೀ ಕಡ್ಡಿ ಒಂದೇ ಸಮ ಸುಕ್ಕಾಗಿ ಗೆರೆಗೆರೆ ಬಿದ್ದು ತೆಳ್ಳಗಾದ್ರೆ ಕೆಳಗಿಂದ ನೀರು ಬರಲೇ ಇಲ್ಲ ಅಂತ ಅರ್ಥ. ಕಟ್ಟೋ ಮುಂಚೇನೆ ಕಡ್ಡಿ ಒಣಗಿರಬಹುದು, ಕತ್ತರಿಸಿ ಬಿಸಿಲಲ್ಲಿ ಅರ್ಧ ದಿನ ಬಿದ್ದಿದ್ರೂ ಸಾಕು. ಇಲ್ಲಾಂದ್ರೆ ಕ್ಯಾಂಬಿಯಂ ಕೂಡಿಲ್ಲ. ಕಸಿಕಡ್ಡಿ ಬೇರುಸಸಿಗಿಂತ ಸಣ್ಣದಿದ್ದಾಗ ಅದನ್ನ ಸೀಳಿನ ಸರಿ ಮಧ್ಯ ಕೂರಿಸಿದ್ರೆ ನೋಡೋಕೆ ಚೆಂದ, ಆದ್ರೆ ಎರಡೂ ಬದಿ ಪದರ ತಪ್ಪಿ ಹೋಗತ್ತೆ. ಒಂದು ಬದಿಗೆ ಸರಿಸಿ, ಆ ಬದಿಯಲ್ಲಿ ತೊಗಟೆಯ ಒಳಅಂಚು ಒಳಅಂಚಿಗೆ ಸರಿಯಾಗಿ ಕೂತಿರಬೇಕು. ಬೇರುಸಸಿಯ ತೊಗಟೆ ದಪ್ಪ ಇರೋದ್ರಿಂದ ಹೊರಮೈ ಸಮ ಮಾಡಿದ್ರೆ ಒಳಗಿನ ಪದರ ಸಮ ಆಗಲ್ಲ, ಇದನ್ನ ಮರೀಬೇಡಿ.

ಗಂಟಿನಿಂದ ಮೇಲಕ್ಕೆ ಕಪ್ಪಾಗ್ತಾ ಹೋದ್ರೆ ಫಂಗಸ್ ಕಡೆ ನೋಡಬೇಕು. ಕೊಳೆತ ವಾಸನೆ, ಟೇಪ್ ಕೆಳಗಿಂದ ಕಂದು ನೀರು, ಒತ್ತಿದ್ರೆ ಮೆತ್ತಗೆ ಇವೆಲ್ಲ ಅದರ ಗುರುತು. ಚಾಕು ಕೊಳೆಯಿತ್ತಾ, ಕತ್ತರಿಸಿದ ಬಾಯಿಗೆ ಕೈ ತಾಗಿತ್ತಾ, ಟೇಪ್ ಒಳಗೆ ಮಳೆನೀರು ಇಳೀತಾ ಇತ್ತಾ ಅಂತ ಯೋಚಿಸಿ. ಮಾವಿನಲ್ಲಿ ಹೀಗೆ ಕಡ್ಡಿ ಒಣಗಿಸೋ ಫಂಗಸ್ ಒಂದಿದೆ, ಬಾಡಿದ, ಸೊರಗಿದ ತಾಯಿಮರದಿಂದ ತಂದ ಕಡ್ಡಿಯ ಒಳಗೇ ಅದು ಬಂದಿರಬಹುದು. ಅಂಥದ್ರಲ್ಲಿ ಕಪ್ಪು ಗಂಟು ದಾಟಿ ಬೇರುಸಸಿಗೂ ಇಳಿಯತ್ತೆ. ಇಳೀತಿದ್ದರೆ ಕಾಯಬೇಡಿ, ಆರೋಗ್ಯವಾದ ಬೆಳ್ಳಗಿನ ಕಟ್ಟಿಗೆ ಸಿಗೋವರೆಗೂ ಕೆಳಗೆ ಕತ್ತರಿಸಿ, ಪ್ರತಿ ಸಲ ಕತ್ತರಿಸಿದ ಮೇಲೂ ಚಾಕು ಒರೆಸಿ, ತೆಗೆದ ತುಂಡುಗಳನ್ನ ಗಿಡದ ಬುಡದಲ್ಲಿ ಬಿಡಬೇಡಿ. ಎರಡು ಸಲ ಕೆಳಗೆ ಕತ್ತರಿಸಿದ್ರೂ ಮಧ್ಯದಲ್ಲಿ ಕಪ್ಪು ಚುಕ್ಕೆ ಕಾಣ್ತಾನೇ ಇದ್ರೆ ಆ ಸಸಿ ಮೇಲೆ ಇನ್ನು ಕಸಿ ಕಟ್ಟಬೇಡಿ, ಗಿಡಗಳ ರೋಗ ಗೊತ್ತಿರೋ ಯಾರಿಗಾದ್ರೂ ತುಂಡು ತೋರಿಸಿ ಕೇಳಿ.

ಲಕ್ಷಣ: ಚಿಗುರು ಚೆನ್ನಾಗಿ ಬಂತು, ಎಲೆ ಬಿಟ್ಟು, ಆಮೇಲೆ ಒಂದೇ ದಿನಕ್ಕೆ ಜೋತು ಬಿತ್ತು

ಎಲ್ಲರನ್ನೂ ಜಾಸ್ತಿ ನೋಯಿಸೋದು ಇದು, ಅದಕ್ಕೆ ಸ್ವಲ್ಪ ಉದ್ದ ಹೇಳ್ತೀನಿ.

ಚಿಗುರು ಒಂದೆರಡು ಇಂಚು ಬಂದು, ಎಲೆ ಇನ್ನೂ ಕೆಂಪಗೆ ಮೆತ್ತಗೆ ಇರೋವಾಗಲೇ ಜೋತು ಬಿದ್ರೆ ಅದು ಬಹುಪಾಲು ಸುಳ್ಳು ಚಿಗುರು. ಕಡ್ಡಿ ತನ್ನೊಳಗೆ ಕೂಡಿಟ್ಟ ಆಹಾರ ಖರ್ಚು ಮಾಡಿ ಎಲೆ ಬಿಟ್ಟಿತು, ಎಲೆ ಬಂದ ಕೂಡ್ಲೇ ನೀರು ಬೇಕಾಯ್ತು, ಕೆಳಗಿನ ನಾಳ ಇನ್ನೂ ಕೂಡಿಲ್ಲ. ಇದು ಬೇರಿಗೆ ನೀರು ಸಾಲದೆ ಆಗಿದ್ದಲ್ಲ. ಆದ್ರೂ ಜನ ಮೊದಲು ಮಾಡೋದು ಬುಡಕ್ಕೆ ಬಿಂದಿಗೆಗಟ್ಟಲೆ ನೀರು ಸುರಿಯೋದು, ಅದರಿಂದ ಬೇರು ಉಸಿರು ಕಟ್ಟಿ ಇದ್ದಬದ್ದ ಅವಕಾಶಾನೂ ಹೋಗತ್ತೆ. ಮಣ್ಣಿಗೆ ಬೆರಳು ಎರಡು ಗಿಣ್ಣು ಇಳಿಸಿ ನೋಡಿ, ತೇವ ಇದ್ರೆ ನೀರು ಬೇಡ.

ಮಾಡಬೇಕಾದ್ದು ಇಷ್ಟು. ಗಿಡ ನೆರಳಿಗೆ ತನ್ನಿ, ನೆಲದಲ್ಲಿದ್ರೆ ಮಧ್ಯಾಹ್ನದ ಬಿಸಿಲಿಗೆ ಶೇಡ್ ನೆಟ್ಟೋ ಬಟ್ಟೇನೋ ಅಡ್ಡ ಕಟ್ಟಿ. ಕಸಿ ಕಟ್ಟಿದಾಗ ತೇವ ಉಳಿಯೋಕೆ ಕಡ್ಡಿಗೆ ಹೊದಿಸೋ ಪ್ಲಾಸ್ಟಿಕ್ ಕವರನ್ನ ಚಿಗುರಿನ ಮೇಲೆ ಮತ್ತೆ ಹಾಕಿ ಒಳಗೆ ತೇವ ಉಳಿಯೋ ಹಾಗೆ ಮಾಡಿ. ಎಲೆ ನಾಲ್ಕೈದು ಇದ್ರೆ ದೊಡ್ಡದನ್ನ ಅರ್ಧಕ್ಕೆ ಕತ್ತರಿಸಿ, ನೀರು ಆರೋ ಜಾಗ ಕಮ್ಮಿಯಾಗತ್ತೆ, ಆದ್ರೆ ಕತ್ತರಿಸೋವಾಗ ಇನ್ನೊಂದು ಕೈಲಿ ಕಡ್ಡಿ ಹಿಡ್ಕೊಂಡಿರಿ. ಹೀಗೆ ಮಾಡಿ ಸಂಜೆ ಹೊತ್ತಿಗೆ ಎಲೆ ಮತ್ತೆ ನೆಟ್ಟಗಾದ್ರೆ ಗಂಟು ಪೂರ್ತಿ ಸತ್ತಿಲ್ಲ, ಸ್ವಲ್ಪ ಕೂಡಿದೆ, ಇನ್ನೂ ಟೈಮ್ ಬೇಕು. ರಾತ್ರಿ ಕಳೆದು ಬೆಳಗ್ಗೆ ತಂಪಿನಲ್ಲೂ ಎಲೆ ಜೋತೇ ಇದ್ದು, ಅಂಚು ಕಪ್ಪಾಗ್ತಿದ್ರೆ ಅದು ಉಳಿಯೋ ಸಾಧ್ಯತೆ ಕಮ್ಮಿ.

ಚಿಗುರು ಚೆನ್ನಾಗಿ ಬಲಿತು, ಎಲೆ ಹಸಿರಾದ ಮೇಲೆ ಬಾಡಿದ್ರೆ ಕಾರಣ ಬೇರೆ. ಕವರ್ ಒಮ್ಮೆಲೇ ತೆಗೆದ್ರಾ? ಒಳಗಿನ ತೇವಕ್ಕೆ ಒಗ್ಗಿದ ಎಲೆ ಹೊರಗಿನ ಒಣಗಾಳಿ ತಡ್ಕೊಳ್ಳಲ್ಲ. ಮೊದಲು ಕವರಿನ ತುದಿ ಸ್ವಲ್ಪ ಕತ್ತರಿಸಿ, ಎರಡು ಮೂರು ದಿನ ಬಿಟ್ಟು ಬಾಯಿ ದೊಡ್ಡದು ಮಾಡಿ, ಆಮೇಲೆ ಸಂಜೆ ಹೊತ್ತಲ್ಲಿ ಪೂರ್ತಿ ತೆಗೀಬೇಕು. ಟೇಪ್ ಬೇಗ ಬಿಚ್ಚಿದ್ರಾ? ಸೀಳು ಕಸಿಗೆ ಸಾಮಾನ್ಯವಾಗಿ ಎರಡು ಮೂರು ತಿಂಗಳು ಟೇಪ್ ಇರಬೇಕು, ಎಲೆಯ ಮೊದಲ ಸುತ್ತು ಪೂರ್ತಿ ಬಲಿತು ಎರಡನೇ ಸುತ್ತು ಶುರುವಾದ ಮೇಲೆ ಯೋಚನೆ ಮಾಡಿ. ಗಾಳಿಗೆ ಗಂಟು ತೂಗಾಡಿತಾ? ಒಂದು ಕೋಲು ನೆಟ್ಟು ಬೇರುಸಸಿಗೂ ಚಿಗುರಿಗೂ ಎರಡು ಕಡೆ ಸಡಿಲವಾಗಿ ಕಟ್ಟಿ. ಹಕ್ಕಿ ಬಂದು ಕೂರೋದು ಕಸಿಯ ತುದಿ ಮೇಲೇನೇ, ಅದಕ್ಕೆ ಕೋಲು ಕಸಿಗಿಂತ ಒಂದಡಿ ಎತ್ತರ ಇರಲಿ, ಕೂರೋದಾದ್ರೆ ಅದರ ಮೇಲೆ ಕೂರಲಿ.

ಲಕ್ಷಣ: ಎಲೆ ಕತ್ತರೀಲಿ ಕತ್ತರಿಸಿದ ಹಾಗೆ ಕೆಳಗೆ ಬಿದ್ದಿದೆ

ಬಾಡಿಲ್ಲ, ಹಳದಿಯಾಗಿಲ್ಲ, ಎಳೆ ಎಲೆ ಅಡ್ಡಕ್ಕೆ ನೀಟಾಗಿ ತುಂಡಾಗಿ ನೆಲದ ಮೇಲೆ ಬಿದ್ದಿದೆ, ಗಿಡದಲ್ಲಿ ತೊಟ್ಟಿನ ಹತ್ರದ ಚೂರು ಮಾತ್ರ ಉಳಿದಿದೆ. ಮಾವಿನಲ್ಲಿ ಇದು ಎಲೆ ಕತ್ತರಿಸೋ ಮೂತಿಹುಳದ ಕೆಲಸ, ಯಾರೋ ಮಕ್ಕಳು ಕತ್ತರಿಸಿದ್ದಲ್ಲ. ಹೆಣ್ಣುಹುಳ ಎಳೆ ಎಲೆಯ ನಡುನರದಲ್ಲಿ ಮೊಟ್ಟೆ ಇಟ್ಟು ಆಮೇಲೆ ಎಲೆ ಕತ್ತರಿಸಿ ಬೀಳಿಸತ್ತೆ, ಮರಿ ಆ ಬಿದ್ದ ಎಲೇಲೇ ಬೆಳೆದು ಮಣ್ಣಿಗೆ ಇಳಿಯತ್ತೆ. ಅಂದ್ಮೇಲೆ ಬಿದ್ದ ಎಲೆ ದಿನಾ ಆರಿಸಿ ನಾಶ ಮಾಡಿದ್ರೆ ಮುಂದಿನ ತಲೆಮಾರು ಅರ್ಧಕ್ಕರ್ಧ ಅಲ್ಲೇ ನಿಂತ ಹಾಗೆ, ಔಷಧಿಗಿಂತ ಮುಂಚೆ ಮಾಡೋ ಕೆಲಸ ಇದು. ಚಿಗುರು ಬಲಿಯೋವರೆಗೂ ಸೊಳ್ಳೆ ಪರದೆಯ ತುಂಡೊಂದನ್ನ ಚೀಲದ ಹಾಗೆ ಹೊದಿಸಿ ಕಟ್ಟಿದ್ರೆ ಇನ್ನೂ ಒಳ್ಳೇದು. ಗಂಟು ಸರಿ ಇದ್ರೆ ಕಡ್ಡಿ ಮತ್ತೆ ಚಿಗುರತ್ತೆ, ಕಸಿ ಹೋಯ್ತು ಅಂತ ಕೀಳಬೇಡಿ.

ಇರುವೆ ಸಾಲು ಕಂಡ್ರೆ ಅದರ ಹಿಂದೆ ಹೋಗಿ. ಅವು ಚಿಗುರಿನ ಸಂದೀಲಿರೋ ಗಿಡಹೇನೋ ಬಿಳಿ ಹಿಟ್ಟಿನಂಥ ತಿಗಣೆಯೋ ಬಿಡೋ ಸಿಹಿ ಅಂಟಿಗೆ ಬರ್ತಿರತ್ತೆ. ನಾಲ್ಕೈದು ಹುಳ ಇದ್ರೆ ಒದ್ದೆ ಬಟ್ಟೇಲಿ ಒರೆಸಿ ತೆಗೀರಿ. ಸ್ಪ್ರೇ ಮಾಡಲೇಬೇಕು ಅಂದ್ರೆ ಲೇಬಲ್ ಮೇಲೆ ಬರೆದ ಪ್ರಮಾಣ ಮೀರಬೇಡಿ, ಗ್ಲೌಸು ಮಾಸ್ಕು ಹಾಕ್ಕೊಳ್ಳಿ, ಬಿಸಿಲಲ್ಲಿ ಹೊಡೀಬೇಡಿ, ಹೊಸ ಕಸಿಯ ಎಲೆ ಅದಕ್ಕೇ ಸುಟ್ಟು ಹೋಗತ್ತೆ.

ಲಕ್ಷಣ: ಕವರ್ ಒಳಗೆ ನೀರು ತುಂಬ್ಕೊಂಡಿದೆ, ಬೂಷ್ಟು ಕಾಣ್ತಿದೆ

ಕವರಿನ ಒಳಮೈ ಮೇಲೆ ಸಣ್ಣ ಹನಿ ಇರೋದು ಒಳ್ಳೆ ಲಕ್ಷಣಾನೇ, ತೇವ ಇದೆ ಅಂತ. ಕೆಳಗೆ ನೀರು ನಿಂತು ಗಂಟು ಮುಳುಗಿದ್ರೆ ಮಾತ್ರ ತೊಂದರೆ. ಕವರಿನ ಕೆಳ ಮೂಲೇಲಿ ಸೂಜೀಲಿ ಒಂದು ತೂತು ಮಾಡಿ ನೀರು ಬಿಡಿ. ಬೂಷ್ಟು ಒಣಗಿದ ತೊಟ್ಟಿನ ಮೇಲೆ ಮಾತ್ರ ಇದ್ರೆ ಕವರ್ ತೆಗೆದು ಆ ತೊಟ್ಟು ಬೀಳಿಸಿ ಹೊಸ ಕವರ್ ಹಾಕಿ, ಕಡ್ಡಿ ಮೈಮೇಲೇ ಹಬ್ಬಿ ಅಲ್ಲಿ ಮೆತ್ತಗಾಗಿದ್ರೆ ಅದು ಕೊಳೀತಿದೆ. ಇನ್ನೊಂದು, ಕವರ್ ಹಾಕಿದ ಗಿಡ ನೇರ ಬಿಸಿಲಿಗೆ ಇಡಲೇಬಾರದು, ಒಳಗಿನ ಗಾಳಿ ಹೊರಗಿನದಕ್ಕಿಂತ ತುಂಬಾ ಜಾಸ್ತಿ ಕಾಯತ್ತೆ, ಒಂದು ಮಧ್ಯಾಹ್ನ ಸಾಕು ಕಡ್ಡಿ ಬೇಯೋಕೆ.

ಲಕ್ಷಣ: ಗಂಟಿನಿಂದ ರಸ ಸೋರ್ತಾ ಇದೆ

ಯಾವ ಗಿಡ ಅನ್ನೋದರ ಮೇಲೆ ಇದರ ಅರ್ಥ ಬದಲಾಗತ್ತೆ. ದ್ರಾಕ್ಷಿ, ಅಕ್ರೋಟು ಇವು ಬೇರಿನ ಒತ್ತಡಕ್ಕೆ ನೀರಿನಂಥ ರಸ ಸುರಿಸ್ತವೆ, ಆ ರಸ ಕಡ್ಡೀನ ಎತ್ತಿ ಹಾಕತ್ತೆ, ಪದರಗಳ ಮಧ್ಯ ತುಂಬ್ಕೊಂಡು ಕೂಡೋಕೆ ಬಿಡಲ್ಲ. ಇಂಥವಕ್ಕೆ ಬೇರುಸಸಿ ತಲೆ ಕೆಲವು ದಿನ ಮುಂಚೇನೆ ಕತ್ತರಿಸಿ ಸೋರೋಕೆ ಬಿಟ್ಟು ಆಮೇಲೆ ಕಟ್ಟಬೇಕು, ಈಗಾಗ್ಲೇ ಕಟ್ಟಿ ಆಗಿದ್ರೆ ಗಂಟಿಗಿಂತ ಕೆಳಗಡೆ ಬೇರುಸಸಿ ತೊಗಟೇಲಿ ಚಾಕುವಿಂದ ಒಂದೆರಡು ಸಣ್ಣ ಓರೆ ಗೀರು ಹಾಕಿ, ರಸ ಅಲ್ಲಿಂದ ಹೋಗತ್ತೆ. ಹಲಸಿನ ಮೇಣ ಕತ್ತರಿಸಿದ ಕೂಡ್ಲೇ ಬಿಳಿಯಾಗಿ ಉಕ್ಕತ್ತೆ, ಹಾಗೇ ಕಟ್ಟಿದ್ರೆ ಎರಡು ಮೈಗಳ ಮಧ್ಯ ರಬ್ಬರ್ ಹಾಳೆ ಇಟ್ಟಂಗೆ ಆಗತ್ತೆ, ಒದ್ದೆ ಬಟ್ಟೇಲಿ ಒತ್ತಿ ತೆಗೆದು ಉಕ್ಕೋದು ನಿಂತ ಮೇಲೆ ತೆಳ್ಳಗೆ ಇನ್ನೊಂದು ಸಲ ಕೆತ್ತಿ ಕಟ್ಟಬೇಕು. ನಿಂಬೆ, ಪ್ಲಮ್ ಜಾತಿಗಳಲ್ಲಿ ಕಸಿ ಆಗಿ ಎಷ್ಟೋ ದಿನ ಆದ ಮೇಲೆ ಜೇನು ಬಣ್ಣದ ಗೋಂದು ಉಂಡೆಯಾಗಿ ಬರ್ತಿದ್ರೆ ಗಾಯ ಅಥವಾ ರೋಗ ಅಂತ ತಿಳೀರಿ. ಬುಡದಲ್ಲಿ ಮಣ್ಣು ಗಂಟಿನವರೆಗೂ ಏರಿದ್ಯಾ ನೋಡಿ, ನಿಂಬೆ ಜಾತಿಗಳಲ್ಲಿ ಬುಡ ಕೊಳೆಯೋ ರೋಗ ಮಣ್ಣಿಂದಾನೇ ಹತ್ತೋದು. ಗಂಟು ನೆಲಮಟ್ಟಕ್ಕಿಂತ ಒಂದು ಗೇಣಿನಷ್ಟಾದ್ರೂ ಮೇಲಿರಲಿ.

ಲಕ್ಷಣ: ಕೆಳಗಡೆ ಮಾತ್ರ ಜೋರಾಗಿ ಚಿಗುರ್ತಿದೆ

ಬೇರುಸಸಿ ಆರೋಗ್ಯವಾಗಿದೆ ಅನ್ನೋದು ಇದರ ಒಳ್ಳೆ ಅರ್ಥ. ಆದ್ರೆ ಆ ಚಿಗುರು ಬಿಟ್ರೆ ಮೇಲಿನ ಕಡ್ಡಿಗೆ ಹೋಗೋ ಶಕ್ತಿ ಎಲ್ಲ ಅದೇ ಎಳ್ಕೊಳ್ಳತ್ತೆ. ಚಿಗುರು ಗಂಟಿನ ಮೇಲಿಂದ ಬಂದಿದ್ಯಾ ಕೆಳಗಿಂದ ಬಂದಿದ್ಯಾ ಅಂತ ಬೆರಳಿಟ್ಟು ಬುಡದ ತನಕ ಹಿಂಬಾಲಿಸಿ ನೋಡಿ, ಟೇಪ್ ಒಳಗಿಂದ ಬರೋದು ಕೆಲವು ಸಲ ಮೋಸ ಮಾಡತ್ತೆ. ಎಲೆ ನೋಡಿದ್ರೂ ಗೊತ್ತಾಗತ್ತೆ, ಮೂರೆಲೆ ಕಿತ್ತಳೆ ಜಾತಿಯ ಬೇರುಸಸಿ ಮೇಲೆ ಮೋಸಂಬಿ ಕಟ್ಟಿದ್ರೆ ಒಂದೇ ತೊಟ್ಟಲ್ಲಿ ಮೂರು ಎಲೆ ಇರೋ ಚಿಗುರು ಎಲ್ಲ ಬೇರುಸಸಿಯದ್ದು, ಮೋಸಂಬಿಯದ್ದು ಒಂಟಿ ಎಲೆ.

ಎಳೆಯದಿದ್ದಾಗ ಕೈಯಲ್ಲೇ ಪಕ್ಕಕ್ಕೆ ಒತ್ತಿ ಬುಡಸಮೇತ ಕಿತ್ತು ಬಿಡಿ, ಕತ್ತರೀಲಿ ಚೂರು ಉಳಿಸಿ ಕತ್ತರಿಸಿದ್ರೆ ಅಲ್ಲಿಂದ ಎರಡು ಬರತ್ತೆ. ಒಂದೇ ಒಂದು ಸಂದರ್ಭದಲ್ಲಿ ಉಳಿಸಿ, ಮೇಲಿನ ಕಡ್ಡಿ ಸತ್ತಿರೋದು ಖಾತ್ರಿಯಾದ್ರೆ. ಆಗ ಕೆಳಗಿನ ಚಿಗುರುಗಳಲ್ಲಿ ನೆಟ್ಟಗಿರೋ ಒಂದನ್ನ ಬಿಟ್ಟು ಉಳಿದದ್ದು ತೆಗೀರಿ, ಅದು ಪೆನ್ಸಿಲ್ ದಪ್ಪ ಆದಾಗ ಅದರ ಮೇಲೆ ಮತ್ತೆ ಕಸಿ ಕಟ್ಟಬಹುದು. ಸಸಿ ವೇಸ್ಟ್ ಆಗಲ್ಲ.

ಲಕ್ಷಣ: ಕಣ್ಣು ಕಸೀಲಿ ಕಣ್ಣು ಬದುಕಿದ್ಯೋ ಇಲ್ವೋ ಗೊತ್ತಾಗ್ತಿಲ್ಲ

ಕಣ್ಣು ಕಸಿ ಅಂದ್ರೆ ಇಡೀ ಕಡ್ಡಿ ಬದಲು ಒಂದೇ ಒಂದು ಮೊಗ್ಗನ್ನ (ಅದೇ ಕಣ್ಣು) ತೊಗಟೆ ಸಮೇತ ತೆಗೆದು ಬೇರುಸಸಿಯ ತೊಗಟೇಲಿ ಕೂರಿಸೋದು. ಕಣ್ಣಿನ ಜೊತೆ ಎಲೆತೊಟ್ಟಿನ ತುಂಡು ಬಿಟ್ಟು ಕಟ್ಟಿದ್ರೆ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಎರಡು ಮೂರು ವಾರ ಆದ ಮೇಲೆ ಆ ತೊಟ್ಟನ್ನ ಬೆರಳ ತುದೀಲಿ ಮೆಲ್ಲಗೆ ತಾಗಿಸಿ. ಹಳದಿಯಾಗಿ ಟಕ್ ಅಂತ ಕಳಚಿ ಬಿದ್ದು, ಕೆಳಗೆ ಶುಭ್ರವಾದ ಕಲೆ ಉಳಿದ್ರೆ ಕಣ್ಣು ಬದುಕಿದೆ, ಜೀವ ಇರೋ ಗಿಡ ಮಾತ್ರ ಎಲೆತೊಟ್ಟನ್ನ ಹೀಗೆ ಕಳಚೋದು. ತೊಟ್ಟು ಒಣಗಿ ಕಪ್ಪಾಗಿ ಅಂಟ್ಕೊಂಡೇ ಇದ್ರೆ ಕಣ್ಣು ಸತ್ತಿದೆ.

ಕಣ್ಣು ಹಸಿರಾಗಿದೆ ಆದ್ರೆ ಬರ್ತಾನೇ ಇಲ್ಲ ಅಂದ್ರೆ ಬೇರುಸಸಿಯ ತಲೆ ಇನ್ನೂ ಹಾಗೇ ಇದ್ಯಾ ನೋಡಿ. ತುದಿ ಇರೋವರೆಗೂ ಅದು ಕೆಳಗಿನ ಕಣ್ಣನ್ನ ಅದುಮಿ ಇಟ್ಟಿರತ್ತೆ. ತಲೆಯನ್ನ ಕಣ್ಣಿನ ಮೇಲ್ಭಾಗದಲ್ಲಿ ಅರ್ಧ ಕತ್ತರಿಸಿ ಬಗ್ಗಿಸಿ ಬಿಡಿ, ಕಣ್ಣು ಚಿಗುರಿದ ಮೇಲೆ ಪೂರ್ತಿ ತೆಗೀರಿ. ತೊಗಟೆ ಸುಲಿದು ಬರದೆ ಕಚ್ಚಿಕೊಂಡಿದ್ದಾಗ ಬಲವಂತವಾಗಿ ಎಬ್ಬಿಸಿ ಕಟ್ಟಿದ್ದರೆ ಅದು ಹಿಡಿಯೋದು ಕಷ್ಟ, ಗಿಡಕ್ಕೆ ಒಂದು ವಾರ ಸರಿಯಾಗಿ ನೀರು ಕೊಟ್ಟು ಅದು ಚಿಗುರೋ ಹೊತ್ತಲ್ಲಿ ಎದುರು ಬದಿಯಲ್ಲಿ ಮತ್ತೆ ಕಟ್ಟಿ.

ಲಕ್ಷಣ: ಗಂಟಿನ ಹತ್ರ ಉಬ್ಬಿದೆ, ಅಥವಾ ಅಲ್ಲಿಗೇ ಮುರಿದು ಬಿತ್ತು

ಮೊದಲು ಟೇಪ್ ನೋಡಿ. ಬಿಚ್ಚೋದು ಮರೆತ ಟೇಪ್ ತೊಗಟೆ ಒಳಗೆ ಹೂತು ಹೋಗಿ, ಅದರ ಮೇಲೆ ದಪ್ಪ, ಕೆಳಗೆ ಸಣ್ಣ ಆಗಿರತ್ತೆ, ಎಲೆಯಲ್ಲಿ ತಯಾರಾದ ಆಹಾರ ಕೆಳಗಿಳಿಯೋಕೆ ದಾರಿ ಇಲ್ಲದೆ ಅಲ್ಲೇ ಕೂಡ್ಕೊಂಡಿದೆ ಅಂತ. ಸುತ್ತು ಬಿಚ್ಚೋಕೆ ಎಳೀಬೇಡಿ, ಕಸಿಗೆ ಬೆನ್ನಾದ ಬದಿಯಲ್ಲಿ ಬ್ಲೇಡಿಂದ ಮೇಲಿಂದ ಕೆಳಕ್ಕೆ ಒಂದು ಗೀರು ಹಾಕಿ ಬಿಟ್ಟುಬಿಡಿ, ಗಿಡ ದಪ್ಪಗಾಗ್ತಾ ತಾನೇ ಅದನ್ನ ತಳ್ಳತ್ತೆ.

ಟೇಪ್ ಇಲ್ಲ, ಆದ್ರೂ ಕೆಳಗೆ ದಪ್ಪ ಮೇಲೆ ಸಣ್ಣ, ಗಿಡ ಮಾತ್ರ ಹಸಿರಾಗಿ ಬೆಳೀತಿದೆ ಅಂದ್ರೆ ಹೆದರಬೇಡಿ, ಎರಡು ಜಾತಿ ಬೆಳೆಯೋ ವೇಗ ಬೇರೆ ಅಷ್ಟೆ. ಉಬ್ಬಿನ ಜೊತೆಗೆ ಎಲೆ ಅಕಾಲದಲ್ಲಿ ಹಳದಿಯಾಗೋದು, ಬೇಗ ಉದುರೋದು, ವರ್ಷದಿಂದ ವರ್ಷಕ್ಕೆ ಬೆಳವಣಿಗೆ ಕುಗ್ಗೋದು ಸೇರ್ಕೊಂಡ್ರೆ ಆ ಎರಡು ಜಾತಿಗೆ ಒಂದಕ್ಕೊಂದು ಹೊಂದಲ್ಲ ಅಂತ ಸಂಶಯ ಪಡಬೇಕು. ಮುರಿದು ಬಿದ್ದಿದ್ರೆ ಮುರಿದ ಮೈ ನೋಡಿ: ಸಿಬಿರು ಸಿಬಿರಾಗಿ ನಾರೆದ್ದು ಮುರಿದಿದ್ರೆ ಗಾಳಿಯ ಬಲಕ್ಕೆ ಮುರಿದಿದ್ದು, ಗರಗಸದಲ್ಲಿ ಕತ್ತರಿಸಿದ ಹಾಗೆ ನುಣ್ಣಗೆ ಬೇರ್ಪಟ್ಟಿದ್ರೆ ಒಳಗಿನ ಕಟ್ಟಿಗೆ ಯಾವತ್ತೂ ಸರಿಯಾಗಿ ಕೂಡಿರಲೇ ಇಲ್ಲ. ಕೆಲವು ಜಾತಿ ಪಿಯರ್ ಹಣ್ಣನ್ನ ಅದರ ಸಂಬಂಧಿ ಗಿಡ ಕ್ವಿನ್ಸ್ ಬೇರಿನ ಮೇಲೆ ನೇರವಾಗಿ ಕಟ್ಟಿದ್ರೆ ಹೀಗಾಗತ್ತೆ, ಅದಕ್ಕೇ ಮಧ್ಯದಲ್ಲಿ ಎರಡಕ್ಕೂ ಹೊಂದೋ ಮೂರನೇ ಜಾತಿಯ ತುಂಡು ಕೂರಿಸ್ತಾರೆ. ಇದಕ್ಕೆ ಮನೇಲಿ ಪರಿಹಾರ ಇಲ್ಲ, ಜಾತಿ ಬದಲಿಸಬೇಕು. ಸಾಮಾನ್ಯವಾಗಿ ಮಾವಿಗೆ ಮಾವು, ನಿಂಬೆ ಜಾತಿಗೆ ನಿಂಬೆ ಜಾತಿ, ಸಪೋಟಕ್ಕೆ ಅದರ ಹತ್ತಿರದ ಸಂಬಂಧಿ ಖಿರ್ನಿ. ಮಾವು ಗೇರು ಒಂದೇ ಕುಟುಂಬ ಆದ್ರೂ ಒಂದರ ಮೇಲೊಂದು ಬಾಳಲ್ಲ. ನಿಂಬೆ ಜಾತಿಯಲ್ಲಿ ಇಡೀ ಗಿಡ ಒಮ್ಮೆಲೇ ಸೊರಗಿದ್ರೆ ವೈರಸ್ಸೂ ಇರಬಹುದು, ಟ್ರಿಸ್ಟೀಜಾ ಅನ್ನೋ ವೈರಸ್ ಹುಳಿ ಕಿತ್ತಳೆ ಬೇರಿನ ಮೇಲೆ ಕಟ್ಟಿದ ಸಿಹಿ ಕಿತ್ತಳೆ ಗಿಡಗಳನ್ನ ಗಂಟಿನ ಹತ್ರಾನೇ ಕೊಲ್ಲತ್ತೆ. ಅಂಥ ಗಿಡದಿಂದ ಒಂದು ಕಡ್ಡೀನೂ ತಗೋಬೇಡಿ, ಯಾರಿಗೂ ಕೊಡಬೇಡಿ, ಲ್ಯಾಬಲ್ಲಿ ಪರೀಕ್ಷೆ ಮಾಡಿಸೋ ವಿಷಯ ಇದು.

ಲಕ್ಷಣ: ಕಸಿ ಹಿಡಿದು ವರ್ಷಗಳಾಯ್ತು, ಹಣ್ಣಿಲ್ಲ, ಅಥವಾ ಬೇರೆ ಹಣ್ಣು

ಬೇರೆ ಹಣ್ಣು ಬಂದ್ರೆ ಹೆಚ್ಚಿನ ಸಲ ಕಸಿ ಯಾವಾಗಲೋ ಸತ್ತು ಬೇರುಸಸಿಯ ಚಿಗುರೇ ಮರ ಆಗಿರತ್ತೆ, ಬುಡದಲ್ಲಿ ಗಂಟಿನ ಗುರುತು ಹುಡುಕಿ, ಕೊಂಬೆ ಅದರ ಕೆಳಗಿಂದ ಬಂದಿದ್ರೆ ಉತ್ತರ ಸಿಕ್ತು. ಹಣ್ಣೇ ಇಲ್ಲ ಅಂದ್ರೆ ಕಡ್ಡಿ ಎಲ್ಲಿಂದ ತಂದದ್ದು ಅಂತ ಕೇಳ್ಕೊಳ್ಳಿ, ಇನ್ನೂ ಫಲ ಕೊಡದ ಬೀಜದ ಗಿಡದಿಂದ ಕಡ್ಡಿ ತಂದಿದ್ರೆ ಅದರ ಎಳೆತನಾನೂ ಜೊತೇಲೇ ಬಂದಿರತ್ತೆ. ಹೂ ಬಿಡೋ ವಯಸ್ಸಿಗೆ ಬಂದ ಮರದ ಕಡ್ಡಿ ಮೊದಲ ವರ್ಷಾನೇ ಹೂ ಬಿಡೋದೂ ಉಂಟು, ಅಂಥ ಹೂ ಮೊದಲ ಎರಡು ಮೂರು ವರ್ಷ ಚಿವುಟಿ ತೆಗೀರಿ, ಗಂಟು ಇನ್ನೂ ಎಳೇದು, ಕಾಯಿ ಭಾರ ಹೊರೋ ಶಕ್ತಿ ಅದಕ್ಕಿಲ್ಲ.

ಹೀಗೆ ಬೇರುಸಸಿಯೇ ಮರವಾಗಿದ್ರೆ ಅದನ್ನ ಕತ್ತರಿಸಿ ತಲೆಗಸಿ (ಮರದ ತಲೆ ತೆಗೆದು, ಆಮೇಲೆ ಬರೋ ಚಿಗುರಿಗೆ ಒಳ್ಳೆ ಜಾತಿ ಕಟ್ಟೋದು) ಮಾಡಬಹುದು, ಆದ್ರೆ ತೊಡೆ ದಪ್ಪದ ಕೊಂಬೆ, ಏಣಿ, ಮೋಟರ್ ಗರಗಸ ಬೇಕಾಗೋ ಕೆಲಸ ಒಬ್ಬರೇ ಮಾಡಬೇಡಿ, ಹತ್ತಿರ ಕರೆಂಟ್ ತಂತಿ ಇದ್ರಂತೂ ಮುಟ್ಟಲೇಬೇಡಿ, ಪಳಗಿದವರನ್ನ ಕರೆಸಿ. ಕತ್ತರಿಸೋವಾಗ ಎಲೆ ತುಂಬಿದ ಒಂದೆರಡು ಕೊಂಬೆ ಉಳಿಸೋಕೆ ಹೇಳಿ, ಬೇರಿಗೆ ಆಹಾರ ಅದರಿಂದಾನೇ ಹೋಗಬೇಕು. ದೊಡ್ಡ ಗಾಯಕ್ಕೆ ಬೋರ್ಡೋ ಪೇಸ್ಟ್ (ಮೈಲುತುತ್ತ, ಸುಣ್ಣ ಬೆರೆಸಿದ, ಫಂಗಸ್ ತಡೆಯೋ ಲೇಪ), ಬಿಸಿಲಿಗೆ ಬಿದ್ದ ಕಾಂಡಕ್ಕೆ ಸುಣ್ಣ ಹಚ್ಚಿ, ಬುಡದಿಂದ ಬರೋ ಹೊಸ ಚಿಗುರು ಪೆನ್ಸಿಲ್ ದಪ್ಪ ಬಲಿತ ಮೇಲೆ ಅದರಲ್ಲಿ ಮೂರ್ನಾಲ್ಕಕ್ಕೆ ಕಸಿ ಕಟ್ಟಿ, ಎಲ್ಲ ಹಿಡಿದ್ರೆ ಗಟ್ಟಿಯಾದ ಎರಡನ್ನ ಇಟ್ಕೊಂಡು ಉಳಿದದ್ದು ಮುಂದಿನ ವರ್ಷ ತೆಗೀಬಹುದು.